ಇವರು ನಮ್ಮ ಅಪ್ಪಯ್ಯನ ಹಾಗಿಲ್ಲ

ಬೈಪಾಸ್ ಆಗಿ ನಾಲ್ಕನೆಯ ರಾತ್ರಿ. ಐಸಿಯುವಿನಿಂದ ವಾರ್ಡಿಗೆ ತಂದು ಒಂದು ದಿನವೂ ಆಗಿರಲಿಲ್ಲ. ಮಂಚದ ಪಕ್ಕದ ಸ್ಟೂಲಿನಲ್ಲಿ ತೂಕಡಿಸುತ್ತಿದ್ದ ನನಗೆ ಯಾಕೋ ಎಚ್ಚರವಾಗಿ ನೋಡಿದರೆ ಅಪ್ಪಯ್ಯ ಹೊದಿಕೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಒತ್ತುತ್ತಿದ್ದರು. ಒತ್ತುವುದು, ತಿರುವಿ ಬಿಡಿಸುವುದು, ಪಕ್ಕಕ್ಕೆ ಎಸೆಯುವುದು. ಮತ್ತೆ ಒತ್ತುವುದು. ಎರಡು ನಿಮಿಷ ನೋಡಿದ ಮೇಲೆ ಗೊತ್ತಾಯಿತು, ಅವರು ಅಡಿಕೆ ಸುಲಿಯುತ್ತಿದ್ದಾರೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಐವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕೂತ ಕೈ ಅದು. ಬೆಂಗಳೂರಿನ ಆಸ್ಪತ್ರೆಯ ಬಿಳಿ ಹೊದಿಕೆಯಲ್ಲಿ ಅಡಿಕೆ ಹುಡುಕುತ್ತಿತ್ತು.

"ಏ ಪುಟ್ಟಿ, ಕೊನೆ ಎಲ್ಲ ಅಂಗಳದಲ್ಲೇ ಬಿದ್ದಿದೆ ಕಣೆ. ಸುಲಿಯೋರು ಒಬ್ರೂ ಬಂದಿಲ್ಲ. ಮಳೆ ಬಂದ್ರೆ ಏನ್ ಗತಿ?" ಎಂದರು. ಎದ್ದು ಕೂರಲು ಹೋದರು. ಕೈಯ ಸೂಜಿ ಕಿತ್ತುಬಂತು, ಹೊದಿಕೆಯ ಮೇಲೆ ರಕ್ತ. ಓಡಿಬಂದ ಸಿಸ್ಟರಿಗೆ ಬೈದರು. ತೋಟದ ಆಳುಮಕ್ಕಳನ್ನೂ ಬಹುವಚನದಲ್ಲೇ ಮಾತಾಡಿಸಿದ ಮನುಷ್ಯ, ಆ ಚಿಕ್ಕ ಹುಡುಗಿಗೆ ಏಕವಚನದಲ್ಲಿ ಬೈದದ್ದು ಕೇಳಿ ನನ್ನ ಎದೆ ನಡುಗಿತು. ಆಪರೇಷನ್ ದಿನವೂ ನಾನು ಅಷ್ಟು ಹೆದರಿರಲಿಲ್ಲ. ತಲೆಗೆ ಏನೋ ಆಗಿಹೋಗಿದೆ, ಅಪ್ಪಯ್ಯ ಇನ್ನು ಹೀಗೇ ಅಂದುಕೊಂಡೆ.

ಹಾಗೇನೂ ಆಗಿರಲಿಲ್ಲ. ಅವರಿಗೆ ಆಗಿದ್ದದ್ದಕ್ಕೆ ಡೆಲಿರಿಯಂ ಎಂಬ ಹೆಸರಿದೆ. ನಮ್ಮ ಹಿರಿಯರು ಇದನ್ನೇ 'ಸನ್ನಿ' ಎನ್ನುತ್ತಿದ್ದರು. ಜೋರು ಜ್ವರದಲ್ಲಿ ಬಡಬಡಿಸುವವರನ್ನು ನೋಡಿ ಹೇಳುತ್ತಿದ್ದ ಮಾತು. ದೊಡ್ಡ ಶಸ್ತ್ರಚಿಕಿತ್ಸೆಯಾದ ವಯಸ್ಸಾದವರಲ್ಲಿ ಇದು ಅಪರೂಪವಲ್ಲ. ಆದರೆ ಆಪರೇಷನ್‌ಗೆ ಮುಂಚೆ ಯಾರೂ ನಮಗೆ ಇದರ ಬಗ್ಗೆ ಹೇಳಿರಲಿಲ್ಲ. ಹೇಳಿದ್ದರೆ ಆ ರಾತ್ರಿ ನಾನು ಕಾರಿಡಾರಿನಲ್ಲಿ ನಿಂತು ಅಳುವ ಬದಲು ಮಾಡಬಹುದಾದ ಕೆಲಸ ಬೇಕಾದಷ್ಟಿತ್ತು. ಈ ಲೇಖನ ಬರೆಯುತ್ತಿರುವುದು ಅದಕ್ಕಾಗಿ.

ಡೆಲಿರಿಯಂ ಎಂದರೆ ಹುಚ್ಚಲ್ಲ, ಮರೆವಿನ ಕಾಯಿಲೆಯೂ ಅಲ್ಲ. ಮರೆವು ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬರುತ್ತದೆ; ಇದು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ಬಂದು ಎರಗುತ್ತದೆ. ಬೆಳಿಗ್ಗೆ ಸರಿಯಾಗಿ ಮಾತಾಡಿದವರು ಸಂಜೆ ಹೊತ್ತು ಮುಳುಗುತ್ತಿದ್ದಂತೆ ಬೇರೆಯವರಾಗುತ್ತಾರೆ. ಗಮನ ಒಂದು ಕಡೆ ನಿಲ್ಲುವುದಿಲ್ಲ. ಗೋಡೆಯ ಮೇಲೆ ಇಲ್ಲದ್ದು ಕಾಣುತ್ತದೆ. ಎಷ್ಟೋ ಜನರಲ್ಲಿ ಬದುಕಿಡೀ ಮಾಡಿದ ಕೆಲಸವೇ ಕೈಗೆ ಬರುತ್ತದೆ: ದರ್ಜಿಯ ಕೈ ಗಾಳಿಯಲ್ಲಿ ಹೊಲಿಯುತ್ತದೆ, ಮೇಷ್ಟರು ಹಾಜರಿ ಕರೆಯುತ್ತಾರೆ. ಕೂಗಾಡುವವರನ್ನು ಎಲ್ಲರೂ ಗುರುತಿಸುತ್ತಾರೆ. ಕಷ್ಟ ಇರುವುದು ಇನ್ನೊಂದು ಬಗೆಯಲ್ಲಿ. ರೋಗಿ ಸುಮ್ಮನೆ ಮಂಕಾಗಿ ಮಲಗಿರುತ್ತಾರೆ, ಕರೆದರೆ ಕಣ್ಣು ಬಿಟ್ಟು ಮುಚ್ಚುತ್ತಾರೆ, ಊಟ ಬೇಡ ಎನ್ನುತ್ತಾರೆ. 'ಪಾಪ, ಸುಸ್ತಾಗಿದೆ, ಮಲಗಲಿ' ಎಂದು ಮನೆಯವರೂ ಸಿಬ್ಬಂದಿಯೂ ಬಿಟ್ಟುಬಿಡುತ್ತಾರೆ. ಅದೂ ಡೆಲಿರಿಯಮ್ಮೇ, ಕಣ್ತಪ್ಪಿ ಹೋಗುವುದೂ ಅದೇ ಹೆಚ್ಚು.

ಮಿದುಳು ಹೀಗೆ ಕಂಗೆಡಲು ಕಾರಣ ಬಹಳ ಸಲ ಮಿದುಳಿನಲ್ಲೇ ಇರುವುದಿಲ್ಲ. ಮೂತ್ರದ ಸೋಂಕು, ಶ್ವಾಸಕೋಶದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ನೀರಿನಂಶ ಕಡಿಮೆಯಾಗಿರುವುದು, ಹಿಡಿತಕ್ಕೆ ಬಾರದ ನೋವು, ನಿದ್ದೆಗೆಂದು ಕೊಟ್ಟ ಕೆಲವು ಮಾತ್ರೆ, ಮೂತ್ರ ಕಟ್ಟಿರುವುದು, ನಾಲ್ಕು ದಿನದಿಂದ ಕಕ್ಕಸಾಗದಿರುವುದು, ಹಗಲು ರಾತ್ರಿ ಒಂದೇ ಥರ ಉರಿಯುವ ಟ್ಯೂಬ್‌ಲೈಟು, ಮಾನಿಟರಿನ ಸದ್ದು ಇವುಗಳಲ್ಲಿ ಎರಡು ಮೂರು ಸೇರಿದರೂ ಸಾಕು. ಆದ್ದರಿಂದ ವೈದ್ಯರು ಡೆಲಿರಿಯಂ ಕಂಡಾಗ ಮೊದಲು ಹುಡುಕುವುದು ಅದರ ಹಿಂದಿರುವ ಕಾರಣವನ್ನು. ಅಪ್ಪಯ್ಯನ ವಿಷಯದಲ್ಲಿ ಬೆಳಿಗ್ಗೆ ಬಂದ ಡಾಕ್ಟರು ರಕ್ತ, ಮೂತ್ರ ಎರಡನ್ನೂ ಪರೀಕ್ಷೆಗೆ ಕಳಿಸಿದರು. ಮೂತ್ರದ ಪೈಪಿನಿಂದ ಸೋಂಕು ಹತ್ತಿತ್ತು, ಸೋಡಿಯಂ ಇಳಿದಿತ್ತು.

ಆಮೇಲೆ ಅವರು ನನ್ನನ್ನು ಒಂದು ಮಾತು ಕೇಳಿದರು: "ಇವರಿಗೆ ಕನ್ನಡಕ ಇದೆಯಾ? ಕಿವಿಯ ಮೆಷಿನ್?" ಎರಡೂ ಇದ್ದವು. ಆಪರೇಷನ್ ದಿನ ಬೆಳಿಗ್ಗೆ ತೆಗೆದು ನನ್ನ ಕೈಗೆ ಕೊಟ್ಟಿದ್ದರು, ಕಳೆದುಹೋದೀತೆಂದು ನಾನು ಅವನ್ನು ತಮ್ಮನ ಮನೆಯ ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದೆ. ಎಪ್ಪತ್ತೊಂದು ವರ್ಷದ ಮನುಷ್ಯ ನಾಲ್ಕು ದಿನದಿಂದ ಏನೂ ಸ್ಪಷ್ಟವಾಗಿ ಕಾಣದೆ, ಏನೂ ಸರಿಯಾಗಿ ಕೇಳದೆ, ಪರಿಚಯವಿಲ್ಲದ ಜಾಗದಲ್ಲಿ ಮಲಗಿದ್ದರು. ನನ್ನ ಜೋಪಾನ ಅವರಿಗೆ ಹೀಗೆ ಮುಳುವಾಗಿತ್ತು.

ಕನ್ನಡಕದ ಮಾತು ಸಣ್ಣದೆನಿಸಬಹುದು, ಅದರ ಹಿಂದೆ ಗಟ್ಟಿ ಅಧ್ಯಯನವಿದೆ. ಅಮೆರಿಕದ ಯೇಲ್‌ನಲ್ಲಿ ಶಾರನ್ ಇನೂಯೆ ಎಂಬ ವೈದ್ಯೆ, ಆಸ್ಪತ್ರೆಗೆ ಸೇರಿದ 70 ದಾಟಿದ 852 ಮಂದಿಯ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 1999ರಲ್ಲಿ ಪ್ರಕಟವಾಯಿತು. ಅವರು ಹೊಸ ಔಷಧಿಯನ್ನೇನೂ ಕೊಡಲಿಲ್ಲ. ಇವತ್ತು ಯಾವ ವಾರ, ನೀವು ಎಲ್ಲಿದ್ದೀರಿ ಎಂದು ದಿನವೂ ನೆನಪಿಸುವುದು, ಆದಷ್ಟು ಬೇಗ ಎಬ್ಬಿಸಿ ನಡೆಸುವುದು, ಕನ್ನಡಕ, ಕಿವಿಯ ಮೆಷಿನ್ ಹಾಕಿಸುವುದು, ನೀರು ಕುಡಿಸುವುದು, ರಾತ್ರಿ ನಿದ್ದೆ ಮಾತ್ರೆಯ ಬದಲು ಬೆಚ್ಚಗಿನ ಹಾಲು ಕೊಟ್ಟು ಬೆನ್ನು ನೀವುವುದು. ಇಷ್ಟೇ. ಮಾಮೂಲಿ ಆರೈಕೆಯಲ್ಲಿ ನೂರಕ್ಕೆ 15 ಜನರಿಗೆ ಡೆಲಿರಿಯಂ ಬಂದರೆ, ಈ ಆರೈಕೆ ಸಿಕ್ಕವರಲ್ಲಿ ಅದು 9.9ಕ್ಕೆ ಇಳಿಯಿತು. ಅದು ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಮಾಡಿದ್ದಲ್ಲ, ಆದರೂ ಈಗ ಸರ್ಜರಿಯಾದ ಹಿರಿಯರಿಗೂ ಇದೇ ಬಗೆಯ ಆರೈಕೆಯನ್ನು ಹೇಳುತ್ತಾರೆ. ಈ ಪಟ್ಟಿಯಲ್ಲಿ ಮನೆಯವರು ಮಾಡಲಾಗದ್ದು ಏನಿದೆ ಹೇಳಿ! ಬೆನ್ನು ನೀವಲು ನಮಗೆ ಬರದೇ?

ಅಂದು ಮಧ್ಯಾಹ್ನ ತಮ್ಮ ಕನ್ನಡಕ ತಂದ. ಹಾಕಿಕೊಂಡ ಅಪ್ಪಯ್ಯ ಮೊದಲು ನೋಡಿದ್ದು ಗೋಡೆಯ ಗಡಿಯಾರವನ್ನು. "ಇದು ಹಗಲೋ ರಾತ್ರಿಯೋ?" ಎಂದರು. ಹಿಂದಿನ ದಿನ ಮಧ್ಯಾಹ್ನದಿಂದ ಅವರು ಕೇಳಿದ ಮೊದಲ ನೆಟ್ಟಗಿನ ಪ್ರಶ್ನೆ ಅದು.

ಡೆಲಿರಿಯಮ್ಮಿಗೆ ಮುಂಚೆ ಇನ್ನೊಂದು ತೊಡಕೂ ಆಗಿತ್ತು. ಮೂರನೆಯ ದಿನ ನಾಡಿ ಲಯ ತಪ್ಪಿ ಓಡತೊಡಗಿತ್ತು. ಏಟ್ರಿಯಲ್ ಫಿಬ್ರಿಲೇಶನ್ ಎಂದರು. ಹೃದಯದ ಮೇಲಿನ ಕೋಣೆಗಳು ಒಂದೇ ತಾಳದಲ್ಲಿ ಬಡಿಯುವುದು ಬಿಟ್ಟು ಅದುರುತ್ತವಂತೆ. ಹೃದಯ ಶಸ್ತ್ರಚಿಕಿತ್ಸೆಯಾದ ಹತ್ತು ಜನರಲ್ಲಿ ಸುಮಾರು ಎರಡರಿಂದ ನಾಲ್ಕು ಜನರಿಗೆ ಇದು ಬರುತ್ತದೆ, ಅದೂ ಹೆಚ್ಚಾಗಿ ಎರಡರಿಂದ ನಾಲ್ಕನೇ ದಿನದೊಳಗೆ. ಬಹುಪಾಲು ಔಷಧಿಯಲ್ಲೇ ಹತೋಟಿಗೆ ಬರುತ್ತದೆ. ವೈದ್ಯರಿಗೆ ದಿನನಿತ್ಯದ ಸಂಗತಿ, ನಮಗೆ ಆಕಾಶ ಕಳಚಿ ಬಿದ್ದಂತೆ. 'ಅನಿರೀಕ್ಷಿತ' ಎಂದು ನಾವು ಕರೆಯುವ ಎಷ್ಟೋ ತೊಡಕುಗಳು ಆಸ್ಪತ್ರೆಗೆ ನಿರೀಕ್ಷಿತವೇ. ಒಪ್ಪಿಗೆ ಪತ್ರದಲ್ಲಿ ಅವೆಲ್ಲ ಅಚ್ಚಾಗಿಯೇ ಇದ್ದವು. ಸಹಿ ಹಾಕಿದವಳು ನಾನೇ. ಓದಿರಲಿಲ್ಲ.

ಹಾಗಾದರೆ ಒಳ್ಳೆಯ ಆಸ್ಪತ್ರೆ ಎಂದರೆ ತೊಡಕೇ ಆಗದ ಆಸ್ಪತ್ರೆಯೇ? ನಾನೂ ಹಾಗೇ ಅಂದುಕೊಂಡಿದ್ದೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ತಂಡ ದೊಡ್ಡ ಸರ್ಜರಿಗಳಾದ 84,730 ರೋಗಿಗಳ ದಾಖಲೆ ನೋಡಿ 2009ರಲ್ಲಿ ಬೇರೆಯದೇ ಮಾತು ಹೇಳಿತು. ಸಾವಿನ ಪ್ರಮಾಣ ತೀರ ಹೆಚ್ಚಿದ್ದ ಆಸ್ಪತ್ರೆಗಳಲ್ಲೂ ತೀರ ಕಡಿಮೆಯಿದ್ದ ಆಸ್ಪತ್ರೆಗಳಲ್ಲೂ ತೊಡಕುಗಳು ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿದ್ದವು: ಒಂದು ಕಡೆ ಶೇ 24.6, ಇನ್ನೊಂದು ಕಡೆ ಶೇ 26.9. ವ್ಯತ್ಯಾಸ ಇದ್ದದ್ದು ಆಮೇಲಿನದರಲ್ಲಿ. ಗಂಭೀರ ತೊಡಕಾದವರಲ್ಲಿ ಮೊದಲ ಬಗೆಯ ಆಸ್ಪತ್ರೆಗಳಲ್ಲಿ ಶೇ 21.4 ಮಂದಿ ತೀರಿಕೊಂಡರೆ, ಎರಡನೆಯ ಬಗೆಯಲ್ಲಿ ಶೇ 12.5. ತೊಡಕು ಎಲ್ಲ ಕಡೆಯೂ ಆಗುತ್ತದೆ. ಅದನ್ನು ಎಷ್ಟು ಬೇಗ ಕಂಡುಹಿಡಿದು ಎಷ್ಟು ಬೇಗ ಕೈಹಾಕುತ್ತಾರೆ ಎನ್ನುವುದರಲ್ಲಿ ಜೀವ ಉಳಿಯುವುದು, ಹೋಗುವುದು ನಿಂತಿದೆ.

ಬೇಗ ಕಂಡುಹಿಡಿಯುವವರು ಯಾರು? ಡ್ಯೂಟಿ ಡಾಕ್ಟರು ರಾತ್ರಿ ಹತ್ತಾರು ರೋಗಿಗಳನ್ನು ನೋಡಬೇಕು. ಸಿಸ್ಟರುಗಳ ಪಾಳಿ ಬದಲಾಗುತ್ತಿರುತ್ತದೆ. ನಿನ್ನೆಯ ಅಪ್ಪಯ್ಯ, ಇವತ್ತಿನ ಅಪ್ಪಯ್ಯ ಇಬ್ಬರನ್ನೂ ನೋಡಿದವರು ಸ್ಟೂಲಿನ ಮೇಲೆ ಕೂತವರು ಮಾತ್ರ. ನಿಜ ಹೇಳಬೇಕೆಂದರೆ ನಾಲ್ಕನೆಯ ದಿನ ಮಧ್ಯಾಹ್ನವೇ ನನಗೆ ಏನೋ ಸರಿಯಿಲ್ಲ ಅನಿಸಿತ್ತು. ಮಜ್ಜಿಗೆ ಅನ್ನ ಬೇಡ ಎಂದಿದ್ದರು. ಮಜ್ಜಿಗೆ ಅನ್ನ ಬೇಡ ಎನ್ನುವ ಅಪ್ಪಯ್ಯನನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ತಮ್ಮನ ಮಗಳ ಹೆಸರು ಕೇಳಿದರೆ ಅತ್ತ ಮುಖ ತಿರುಗಿಸಿದ್ದರು. ಆದರೆ ಡಾಕ್ಟರ ಹತ್ತಿರ ಏನೆಂದು ಹೇಳುವುದು? ಜ್ವರವೆಂದು ಹೇಳೋಣವೆಂದರೆ ಮೈ ಬಿಸಿಯಿರಲಿಲ್ಲ. 'ಮಜ್ಜಿಗೆ ಅನ್ನ ಬೇಡ ಅಂದರು' ಎಂದು ತಜ್ಞರ ಮುಂದೆ ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ. ಆ ಸುಮ್ಮನಿದ್ದ ಹತ್ತು ಹನ್ನೆರಡು ಗಂಟೆಯ ಬಗ್ಗೆ ನನಗೆ ಇವತ್ತಿಗೂ ಸಂಕಟವಿದೆ.

'ಇವರು ನಮ್ಮ ಅಪ್ಪಯ್ಯನ ಹಾಗಿಲ್ಲ' ಎನ್ನುವುದು ವೈದ್ಯರು ಕಿವಿಗೊಡಲೇಬೇಕಾದ ಮಾಹಿತಿ. ಇಂಗ್ಲೆಂಡಿನಲ್ಲಿ ಇದಕ್ಕಾಗಿ ಒಂದು ನಿಯಮವನ್ನೇ ತಂದಿದ್ದಾರೆ. ಮಾರ್ಥಾ ಮಿಲ್ಸ್ ಎಂಬ 13 ವರ್ಷದ ಹುಡುಗಿ ಸೈಕಲ್ಲಿನಿಂದ ಬಿದ್ದು ಮೇದೋಜೀರಕ ಗ್ರಂಥಿಗೆ ಪೆಟ್ಟಾಗಿ ಆಸ್ಪತ್ರೆ ಸೇರಿ, ಸೋಂಕು ರಕ್ತಕ್ಕೇರಿ 2021ರಲ್ಲಿ ತೀರಿಕೊಂಡಳು. ಮಗಳ ಸ್ಥಿತಿ ಕೆಡುತ್ತಿದೆ ಎಂದು ತಂದೆತಾಯಿ ಹೇಳಿದ್ದು ಕಿವಿಗೆ ಬಿದ್ದಿರಲಿಲ್ಲ. ಆ ತಂದೆತಾಯಿ ಹೋರಾಡಿದ ಫಲವಾಗಿ 2024ರಿಂದ ಅಲ್ಲಿನ ಆಸ್ಪತ್ರೆಗಳಲ್ಲಿ 'ಮಾರ್ಥಾ ನಿಯಮ' ಜಾರಿಯಲ್ಲಿದೆ. ರೋಗಿಯ ಸ್ಥಿತಿ ಕೆಡುತ್ತಿದೆ ಎಂದು ಮನೆಯವರಿಗೆ ಅನಿಸಿದರೆ, ನೋಡಿಕೊಳ್ಳುತ್ತಿರುವ ತಂಡದಿಂದ ಉತ್ತರ ಸಿಗದಿದ್ದರೆ, ಅವರೇ ನೇರವಾಗಿ ಬೇರೆ ತಂಡವನ್ನು ಕರೆಸಬಹುದು. ನಮ್ಮಲ್ಲಿ ಮನೆಯವರು ಇಪ್ಪತ್ತನಾಲ್ಕು ಗಂಟೆ ಆಸ್ಪತ್ರೆಯಲ್ಲೇ ಇರುತ್ತಾರೆ, ಹಾಸಿಗೆ ಬದಲಿಸುವುದರಿಂದ ಔಷಧಿ ತರುವವರೆಗೆ ಅರ್ಧ ಕೆಲಸ ಅವರೇ ಮಾಡುತ್ತಾರೆ. ಅವರ ಕಣ್ಣಿಗೆ ಬಿದ್ದದ್ದನ್ನು ಹೇಳಲು ಮಾತ್ರ ದಾರಿ ಇಲ್ಲ. ಇಂಥ ನಿಯಮ ಎಲ್ಲರಿಗಿಂತ ಮೊದಲು ಬರಬೇಕಾದದ್ದು ನಮ್ಮಲ್ಲಿ ಎಂದು ನನಗೆ ಅನಿಸುತ್ತದೆ.

ಒಳ್ಳೆಯ ಪ್ರಯತ್ನಗಳು ಇಲ್ಲವೆಂದಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕರ್ನಾಟಕದ ನಾರಾಯಣ ಆಸ್ಪತ್ರೆಗಳಲ್ಲಿ ಕಾಯುತ್ತಾ ಕೂತ ಮನೆಯವರನ್ನು ನೋಡಿ, ಅವರಿಗೇ ಆರೈಕೆಯ ಪಾಠ ಹೇಳಿಕೊಡುವ ಕೆಲಸ ಶುರುಮಾಡಿದರು. ಅದು ನೂರಾ ಹೆಲ್ತ್ ಎಂಬ ಸಂಸ್ಥೆಯಾಗಿ ಬೆಳೆಯಿತು. ಗಾಯ ಹೇಗೆ ನೋಡಿಕೊಳ್ಳಬೇಕು, ಯಾವುದು ಅಪಾಯದ ಲಕ್ಷಣ ಎಂದು ವಾರ್ಡಿನಲ್ಲೇ ನರ್ಸ್‌ಗಳು ಮನೆಯವರ ಭಾಷೆಯಲ್ಲಿ ಕಲಿಸುತ್ತಾರೆ. ಇದು ಎಲ್ಲ ಆಸ್ಪತ್ರೆಯಲ್ಲೂ ಇರಬೇಕು.

ಐದನೆಯ ದಿನ ನಾನು ಕೆಳಗಿನ ಅಂಗಡಿಯಿಂದ ನೂರು ಪುಟದ ನೋಟ್‌ಬುಕ್ ತಂದೆ. ಹೊತ್ತು, ಜ್ವರ, ಎಷ್ಟು ಊಟ, ಮೂತ್ರ, ಯಾರು ಏನು ಹೇಳಿದರು, ಯಾವ ಹೊಸ ಔಷಧಿ, ಎಷ್ಟು ಹೊತ್ತು ಎಚ್ಚರವಿದ್ದರು. ಪಾಳಿ ಬದಲಾಯಿಸುವಾಗ ತಮ್ಮನಿಗೆ ಆ ಪುಸ್ತಕ ಕೊಟ್ಟರೆ ಸಾಕು. ರೌಂಡ್ಸ್‌ಗೆ ಬರುವ ಡಾಕ್ಟರು ನಮ್ಮ ಮಂಚದ ಹತ್ತಿರ ನಿಲ್ಲುವುದು ಐದು ನಿಮಿಷ. ಆ ಐದು ನಿಮಿಷದಲ್ಲಿ ನಾಲ್ವರು ನಾಲ್ಕು ಪ್ರಶ್ನೆ ಕೇಳಿದರೆ ಯಾವುದಕ್ಕೂ ಉತ್ತರ ಸಿಗುವುದಿಲ್ಲ. ಕೇಳುವವಳು ನಾನೊಬ್ಬಳೇ ಎಂದು ಮನೆಯಲ್ಲಿ ತೀರ್ಮಾನ ಮಾಡಿಕೊಂಡೆವು. ಮೂರೇ ಪ್ರಶ್ನೆ: ಏನಾಗಿದೆ, ಅದಕ್ಕೆ ಏನು ಮಾಡುತ್ತಿದ್ದೀರಿ, ನಾಳೆ ಏನು ಕಂಡರೆ ಗುಣವಾಗುತ್ತಿದೆ ಎಂದು ತಿಳಿಯಬೇಕು? ಕೊನೆಯ ಪ್ರಶ್ನೆಯೇ ನನ್ನನ್ನು ಉಳಿಸಿದ್ದು. 'ನಾಳೆ ಸೋಡಿಯಂ 130 ದಾಟಿದರೆ ಸಮಾಧಾನ' ಎಂದರೆ ಕಾಯುವುದಕ್ಕೆ ಒಂದು ಗುರುತು ಸಿಕ್ಕಿತು.

ಊರಿನ ಫೋನುಗಳದ್ದು ಇನ್ನೊಂದು ಕಥೆ. "ನಮ್ಮ ಪಕ್ಕದ ಮನೆಯವರು ಏಳನೇ ದಿನಕ್ಕೆ ಮನೇಲಿದ್ರು" ಎನ್ನುವವರು, "ಆ ಆಸ್ಪತ್ರೆಗ್ಯಾಕೆ ಹೋದ್ರಿ" ಎನ್ನುವವರು. ಎಲ್ಲರದೂ ಅಕ್ಕರೆಯೇ, ಆದರೆ ಒಂದೊಂದು ಫೋನ್ ಆದ ಮೇಲೂ ನಾನೂ ತಮ್ಮನೂ ಪರಸ್ಪರ ಮುಖ ನೋಡದೆ ಕೂರುತ್ತಿದ್ದೆವು. ಬೆಂಗಳೂರಿಗೆ ಕರೆತಂದದ್ದು ಅವನು, ಸಹಿ ಹಾಕಿದ್ದು ನಾನು. ಅಮ್ಮ ಊರಿನಿಂದ, "ಯಾಕಾದ್ರೂ ಒಪ್ಪಿದ್ವೋ" ಎಂದು ಅಳುತ್ತಿದ್ದಳು. ಕೊನೆಗೆ ಶಿವಮೊಗ್ಗದ ಚಿಕ್ಕಪ್ಪನಿಗೆ ಒಪ್ಪಿಸಿದೆವು. ದಿನಕ್ಕೊಂದು ಸಲ ಸಂಜೆ ಅವರಿಗೆ ಮಾತ್ರ ಸುದ್ದಿ, ಉಳಿದವರಿಗೆಲ್ಲ ಅವರಿಂದ. ಅಮ್ಮನಿಗೆ ಮಾತ್ರ ನಾನೇ ಹೇಳುತ್ತಿದ್ದೆ, ಮುಚ್ಚಿಡದೆ ಹೇಳುತ್ತಿದ್ದೆ. ದೂರದಲ್ಲಿರುವವರಿಗೆ ಅರ್ಧ ಸುದ್ದಿ ಕೊಟ್ಟರೆ ಉಳಿದರ್ಧವನ್ನು ಅವರ ಭಯ ತುಂಬಿಸಿಕೊಳ್ಳುತ್ತದೆ.

ತಪ್ಪು ಯಾರದು ಎಂಬ ಪ್ರಶ್ನೆ ಬಂದೇ ಬರುತ್ತದೆ. ತೊಡಕಾಯಿತು ಎಂದ ಮಾತ್ರಕ್ಕೆ ನಿರ್ಲಕ್ಷ್ಯವಾಯಿತು ಎಂದಲ್ಲ. ನಿಜವಾಗಿ ನಿರ್ಲಕ್ಷ್ಯವಾಗಿರಲೂಬಹುದು. ಅದನ್ನು ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರ ಜೊತೆ ಜಗಳವಾಡಿ ತೀರ್ಮಾನಿಸಲಾಗದು. ಕೇಳಿದ 72 ಗಂಟೆಯೊಳಗೆ ಚಿಕಿತ್ಸೆಯ ದಾಖಲೆಗಳನ್ನು ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲೇ ಇದೆ. ಲಿಖಿತವಾಗಿ ಕೇಳಿ, ಪಡೆದುಕೊಳ್ಳಿ, ಬೇರೆ ತಜ್ಞರಿಗೆ ತೋರಿಸಿ. ಆ ಕೆಲಸಕ್ಕೆ ಆಮೇಲೆ ಸಮಯವಿದೆ. ಮಂಚದ ಮೇಲಿರುವವರಿಗೆ ಈಗ ಬೇಕಾದದ್ದು ನೀವು ಮತ್ತು ಡಾಕ್ಟರು ಮಾತಾಡುವ ಸಂಬಂಧ.

ದುಡ್ಡಿನ ಮಾತನ್ನೂ ಹೇಳಬೇಕು. ಬೈಪಾಸ್ 'ಪ್ಯಾಕೇಜ್' ಎಂದರೆ ಎಲ್ಲವೂ ಸೇರಿತು ಎಂದು ನಾವು ನಂಬಿದ್ದೆವು. ಪ್ಯಾಕೇಜಿನಲ್ಲಿ ಇಂತಿಷ್ಟು ದಿನ ಎಂದಿರುತ್ತದೆ. ತೊಡಕಾಗಿ ದಿನ ಹೆಚ್ಚಾದರೆ ಐಸಿಯು, ಔಷಧಿ, ಪರೀಕ್ಷೆ ಎಲ್ಲಕ್ಕೂ ಬೇರೆ ಬಿಲ್ಲು. ಎಂಟು ದಿನ ಅಂದುಕೊಂಡದ್ದು ನಮಗೆ ಹದಿನೇಳಾಯಿತು. ಆ ವರ್ಷದ ಅಡಿಕೆ ಅಲ್ಲಿಗೇ ಹೋಯಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, 1.5 ಲಕ್ಷದ ಮಿತಿಯಲ್ಲಿ ನೆರವಿದೆ. ತೊಡಕಾದರೆ ಹೆಚ್ಚುವರಿ ದಿನಗಳ ಲೆಕ್ಕ ಹೇಗೆ ಎಂದು ದಾಖಲಾಗುವ ಮುಂಚೆಯೇ ಕೌಂಟರಿನಲ್ಲಿ ಕೇಳಿ ಬರೆಸಿಕೊಳ್ಳಬೇಕು.

ಹದಿನೇಳನೆಯ ದಿನ ಅಪ್ಪಯ್ಯ ಮನೆಗೆ ಬಂದರು. ಬಂದ ಮೇಲೆ ಎಲ್ಲ ಮುಗಿಯಲಿಲ್ಲ. ಎದೆಯ ಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು, ಅಷ್ಟು ದಿನ ಭಾರ ಎತ್ತುವಂತಿಲ್ಲ. ಗಾಯದಿಂದ ನೀರು ಒಸರಿದರೆ, ಎದೆಯ ಮೂಳೆ ಕಟಕ್ಕೆಂದರೆ, ಜ್ವರ ಬಂದರೆ, ಒಂದೆರಡು ದಿನದಲ್ಲೇ ಎರಡು ಕೆಜಿ ತೂಕ ಏರಿದರೆ, ಮಲಗಿದಾಗ ಉಸಿರು ಕಟ್ಟಿದರೆ ತಡಮಾಡದೆ ಹೋಗಬೇಕು. ಇವೆಲ್ಲ ಡಿಸ್ಚಾರ್ಜ್ ಸಮರಿಯಲ್ಲಿ ಇದ್ದವು. ಅದರಲ್ಲಿ ಇಲ್ಲದ್ದು ಒಂದಿತ್ತು. ಅಪ್ಪಯ್ಯ ಮಾತು ಕಡಿಮೆ ಮಾಡಿದ್ದರು. ಒಂದು ಸಂಜೆ ಜಗಲಿಯಲ್ಲಿ ಕೂತು, "ಪುಟ್ಟಿ, ನಾನು ಅಲ್ಲಿ ಏನಾದ್ರೂ ಮಾಡಬಾರದ್ದು ಮಾಡಿದ್ನಾ?" ಎಂದು ಕೇಳಿದರು. ಚೂರುಚೂರು ನೆನಪಿತ್ತು ಅವರಿಗೆ. ಯಾರೋ ಕೈ ಕಟ್ಟಿದ್ದು, ತಾನು ಯಾರಿಗೋ ಬೈದದ್ದು. ಅದರ ನಾಚಿಕೆ ಒಳಗೊಳಗೇ ತಿನ್ನುತ್ತಿತ್ತು. ನಾನು ಎಲ್ಲವನ್ನೂ ಹೇಳಿದೆ, ಅಡಿಕೆ ಸುಲಿದದ್ದನ್ನೂ. ಬೈಸಿಕೊಂಡ ಸಿಸ್ಟರು ಮರುದಿನ ಬಂದು "ಅಜ್ಜಾ, ಅಡಿಕೆ ಮುಗೀತಾ?" ಎಂದು ಕೇಳಿದ್ದನ್ನೂ ಹೇಳಿದೆ. ಅವರ ಕಣ್ಣಲ್ಲಿ ನೀರು ಬಂತು, ಆಮೇಲೆ ನಕ್ಕರು.

ಐಸಿಯುವಿನಿಂದ ಬಂದವರಲ್ಲಿ ತಿಂಗಳುಗಟ್ಟಲೆ ಉಳಿಯುವ ನಿಶ್ಶಕ್ತಿ, ಕೆಟ್ಟ ಕನಸು, ಮಂಕು, ಹೆದರಿಕೆಗಳನ್ನು ವೈದ್ಯಲೋಕ ಒಂದು ಹೆಸರಿಟ್ಟು ಗುರುತಿಸಿದ್ದು ಈಚಿನ ವರ್ಷಗಳಲ್ಲಿ. ಪಕ್ಕದಲ್ಲಿದ್ದ ಮನೆಯವರಿಗೂ ಇದೇ ಬಗೆಯ ತೊಂದರೆ ಬರುತ್ತದೆ ಎಂದೂ ಆಗಲೇ ಹೇಳಿದರು. ಅಪ್ಪಯ್ಯ ಚೇತರಿಸಿಕೊಂಡ ಮೇಲೆ ನನಗೆ ನಿದ್ದೆ ಹೋಯಿತು. ಫೋನ್ ರಿಂಗಾದರೆ ಕೈ ನಡುಗುತ್ತಿತ್ತು. ಎರಡು ತಿಂಗಳು ತಡೆದು 14416ಕ್ಕೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ, ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮೊದಲ ವಾರವೇ ಮಾಡಬೇಕಿತ್ತು.

ನಿಮ್ಮ ಮನೆಯಲ್ಲೂ ಯಾರಿಗಾದರೂ ದೊಡ್ಡ ಆಪರೇಷನ್ ನಿಗದಿಯಾಗಿದ್ದರೆ, ಡಾಕ್ಟರನ್ನು ಇವತ್ತೇ ಕೇಳಿ: ಮೊದಲ ವಾರದಲ್ಲಿ ಸಾಮಾನ್ಯವಾಗಿ ಏನೇನು ತೊಡಕು ಬರುತ್ತದೆ, ಬಂದರೆ ರಾತ್ರಿ ಹೊತ್ತು ಯಾರಿಗೆ ಹೇಳಬೇಕು? ಕನ್ನಡಕ, ಕಿವಿಯ ಮೆಷಿನ್, ಒಂದು ನೋಟ್‌ಬುಕ್ ಚೀಲದಲ್ಲಿರಲಿ. ಐಸಿಯುವಿನಿಂದ ಹೊರಗೆ ಬಂದ ಗಳಿಗೆಯಲ್ಲೇ ಕನ್ನಡಕ ಹಾಕಿಸಿ. ಅವರು ಅವರ ಹಾಗಿಲ್ಲ ಎಂದು ನಿಮಗೆ ಅನಿಸಿದರೆ, ಮಜ್ಜಿಗೆ ಅನ್ನದ ಮಾತೇ ಆಗಿರಲಿ, ನಾಚಿಕೊಳ್ಳದೆ ಆಗಲೇ ಹೋಗಿ ಹೇಳಿ.